ಹದ್ದು ಸಾಕುವವಳು

ಮತ್ತೆ ಎಳೆ ಹರಿಯಿತು, ಇದು ಮೂರನೆಯ ಸಲ, ಈ ಕೆಂಪು ನೂಲಿಗೆ ಇವತ್ತೇ ಏನು ಬಂತೋ, ಇಲ್ಲ, ನೂಲಿನದೇನೂ ತಪ್ಪಿಲ್ಲ, ನಾಹೀದಳ ಕೈಯೇ ನೆಟ್ಟಗಿಲ್ಲ, ಕೈ ಕಂಡಿಕೆಗೆ ನೂಲು ಸುತ್ತುವ ರಾಟಿಯ ಮೇಲೆ, ಜೀವ ಗೋಡೆಗೆ ಆನಿಸಿಟ್ಟ ಕಾಲೇಜು ಚೀಲದ ಮೇಲೆ, ಚೀಲದಲ್ಲಿ ಪುಸ್ತಕ, ಪುಸ್ತಕದಲ್ಲಿ ಆ ಪುಟ — ತೋರಿಸಬೇಕು, ಮೂರರ ಬಸ್ಸಿಗೆ ಮೊದಲೇ ನೀಲಾಳಿಗೆ ತೋರಿಸಬೇಕು, ಅವಳ ಅಪ್ಪ ಫಕ್ಕೀರಪ್ಪ ಹಿತ್ತಲಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದಾನೆ, ಇನ್ನೇನು ಧೋತರ ಉಟ್ಟು ಬೆಳವಣಕಿಯ ಬಸ್ಸು ಹತ್ತುತ್ತಾನೆ, ನಮ್ಮ ಹುಡುಗಿ ಒಪ್ಪಿದ್ದಾಳೆ ಎಂದು ವರನ ಮನೆಯಲ್ಲಿ ಮಾತು ಕೊಟ್ಟು ಬರುತ್ತಾನೆ, ಕೊಟ್ಟ ಮೇಲೆ ಮುಗಿಯಿತು. ಈ ನೀಲಾ ಮಾತ್ರ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಏನೂ ಆಗಿಲ್ಲವೆಂಬಂತೆ ಲಾಳಿ ಹೊಡೆಯುತ್ತ, ಕಂಡಿಕಿ ಲಗೂ ಕೊಡ ನಾಹೀ, ಸೆರಗ ಮುಗೀಲಿ. ಮುಗಿಯುತ್ತದೆ ತಾಯಿ, ಸೆರಗೂ ಮುಗಿಯುತ್ತದೆ, ನಾನೂ ಮುಗಿಯುತ್ತೇನೆ, ಮಾಡಿದ್ದುಣ್ಣೋ ಮಹರಾಯ ಅಂತ ಸುಮ್ಮನೆ ಹೇಳಿದ್ದಾರೆಯೇ, ಎಲ್ಲ ಈ ಸುಡುಗಾಡು ಬಾಯಿಯಿಂದಲೇ ಆದದ್ದು — ಎರಡು ಸಾವಿರದ ಐದರ ದೀಪಾವಳಿಯ ಹಿಂದುಮುಂದು, ಬಸ್‌ಸ್ಟ್ಯಾಂಡಿನ ಹತ್ತಿರದ ಅಬ್ಬಾನ ರದ್ದಿ ಅಂಗಡಿಗೆ ಗೋವಾದ ಕಡೆಯ ಲೋಡು ಬಂದು, ತಕ್ಕಡಿಗೆ ಬೀಳುವ ಮೊದಲೇ ಅವಳು ಎತ್ತಿಕೊಂಡ ಇಂಗ್ಲಿಷ್ ಕಾದಂಬರಿ, ಇಟ್ಟಂಗಿಯಷ್ಟು ದಪ್ಪ, ಬಿ.ಎ. ಮೊದಲ ವರ್ಷದವಳಿಗೆ ಅದೆಲ್ಲಿ ದಕ್ಕಬೇಕು, ಆದರೂ ತೊಡೆಯ ಮೇಲೆ ಡಿಕ್ಷನರಿ ಇಟ್ಟುಕೊಂಡು ಓದಿದಳು, ಮಂಜಿನ ನಾಡಿಗೊಬ್ಬ ರಾಣಿ, ರಾಣಿಯ ಹದ್ದುಗಳನ್ನು ಸಾಕುವವಳು ಇನ್ನೊಬ್ಬಳು, ಇಬ್ಬರೂ ಹೆಂಗಸರು, ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಜೀವ, ತಪ್ಪು ಓದಿದೆನೇನೋ ಎಂದು ಮತ್ತೆ ಮೊದಲಿನಿಂದ ಓದಿದಳು, ಮೂರನೆಯ ಸಲಕ್ಕೆ ಖಾತ್ರಿಯಾಯಿತು, ಆಮೇಲಿನದು ಖಾತ್ರಿಗಾಗಿ ಅಲ್ಲ. ಈಗ ಹನ್ನೊಂದು ಸಲವಾಗಿದೆ. ಹನ್ನೊಂದು ಸಲವೂ ಕೊನೆಗೆ ಬರುವುದು ಸಿಟ್ಟೇ, ಆ ನಾಡಿನಲ್ಲಿ ಹದ್ದು ಮಾತಾಡುತ್ತದೆ, ಹಿಮ ಹಾಡುತ್ತದೆ, ಇಬ್ಬರು ಹೆಂಗಸರು ಒಂದೇ ಕಂಬಳಿ ಹೊದ್ದರೆ ಯಾರೂ ಹುಬ್ಬೇರಿಸುವುದಿಲ್ಲ, ಹದ್ದು ಮಾತಾಡಿದ್ದನ್ನು ಬೇಕಾದರೆ ನಂಬೋಣ, ಇದನ್ನು ಹೇಗೆ ನಂಬುವುದು, ಬರೆದವರು ನಮ್ಮ ಗಜೇಂದ್ರಗಡಕ್ಕೆ ಬಂದು ನಾಲ್ಕು ದಿನ ಇದ್ದು ನೋಡಲಿ.

ಓದಿ ಸುಮ್ಮನಿದ್ದರೆ ಆಗುತ್ತಿತ್ತು, ಆದರೆ ನೀಲಾ ಕೇಳಿದಳಲ್ಲ, ಅದೇನ ಓದ್ತಿ ಅಷ್ಟ, ನನಗೂ ಹೇಳ, ಕೈಗೆ ಕೆಲಸ ಐತಿ ಕಿವಿಗಿಲ್ಲ. ನೀಲಾ ಕೇಳಿದರೆ ಇಲ್ಲವೆನ್ನಲು ನಾಹೀದಳಿಗೆ ಎಲ್ಲಿ ಬಂದೀತು, ಆ ಕೊರಳು, ಆ ನಗು, ಅವಳಿಗಾಗಿಯೇ ಅಲ್ಲವೇ ಕಾಲೇಜು ಬಿಟ್ಟೊಡನೆ ಇಲ್ಲಿಗೆ ಓಡಿಬಂದು ಪುಗಸಟ್ಟೆ ಕಂಡಿಕೆ ಸುತ್ತುವುದು. ಹೇಳಲು ಬಾಯಿ ತೆರೆದಳು, ಆಚೆ ನೀಲಾಳ ಅವ್ವ ಶಿವಬಸವ್ವ ಜೋಳ ಹಸನು ಮಾಡುತ್ತ ಕೂತಿದ್ದಳು, ಮೊರದ ಸದ್ದು ನಿಂತಿತ್ತು, ಅವಳೂ ಕೇಳುತ್ತಿದ್ದಳು, ನಾಹೀದಳ ಬಾಯಿಂದ ಬಂದದ್ದು, ಒಬ್ಬ ರಾಣಿ ಇದ್ಲು, ಆಕಿ ಹದ್ದ ಸಾಕಾಂವ ಒಬ್ಬ ಇದ್ದ. ಇದ್ದ! ಒಂದೇ ಮಾತು, ಅಂಜಿಕೆಯಲ್ಲಿ ಜಾರಿದ್ದು, ಆಮೇಲೆ ಹಿಂದಕ್ಕೆ ಎಳೆದುಕೊಳ್ಳಲಾಗಲಿಲ್ಲ. ಅಂವಗ ಮೀಸಿ ಐತೇನ ಎಂದಳು ನೀಲಾ, ಹೂಂ ಐತಿ, ಮೀಸೆಯನ್ನೂ ಕೊಟ್ಟಾಯಿತು, ಮೂಗ ಹ್ಯಾಂಗೈತಿ, ನೆಟ್ಟಗೈತಿ, ಎರಡು ವರ್ಷ ದಿನಾ ಒಂದೇ ಪ್ರಶ್ನೆ, ನಿನ್ನ ಹದ್ದಿನಾಂವ ಇವತ್ತೇನ ಮಾಡಿದ. ಅವನು ರಾಣಿಗೆ ಏನೇನು ಹೇಳುತ್ತಿದ್ದನೋ ಅದೆಲ್ಲ ನಾಹೀದ ನೀಲಾಳಿಗೆ ಹೇಳುತ್ತಿದ್ದ ಮಾತೇ, ನಾನಿಲ್ಲಿ ಕೂತು ನನ್ನ ಜೀವವನ್ನೆಲ್ಲ ಒಬ್ಬ ಮೀಸೆಯವನ ಬಾಯಲ್ಲಿ ಇಟ್ಟೆ, ಅವಳು ಅವನನ್ನು ಮೆಚ್ಚಿಕೊಂಡಳು, ಥೂ. ಈಗ ಬೆಳವಣಕಿಯ ಸಂಜೀವಕುಮಾರ ಬಂದು ನೋಡಿ ಹೋಗಿದ್ದಾನೆ, ಹಿಂದಿನ ನಾಲ್ಕು ಗಂಡುಗಳಿಗೆ ಒಲ್ಲೆ ಎಂದವಳು ಇವನಿಗೆ ನಗುತ್ತಿದ್ದಾಳೆ, ಪಾರಿವಾಳ ಸಾಕ್ಯಾನಂತ ನಾಹೀ, ಹದ್ದ ಇಲ್ದಿದ್ರೂ ಪಾರಿವಾಳಾರ ಅದಾವಲ್ಲ. ಪಾರಿವಾಳ! ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ, ಆ ಮನುಷ್ಯನದೇನು ತಪ್ಪು, ಕಥೆ ಹೇಳಿ ಹೇಳಿ ಅವನಿಗೆ ಹೆಣ್ಣು ಗೊತ್ತುಮಾಡಿದವಳು ಈ ನಾಹೀದಳೇ. ಹೋದ ತಿಂಗಳು ಗೋವಾದ ಲೋಡಿನಲ್ಲಿ ಅದೇ ಕಥೆ ಚಿತ್ರಗಳ ಪುಸ್ತಕವಾಗಿ ಬಂದಿತ್ತು, ಮೊದಲ ಪುಟದಲ್ಲಿ ಆ ಕಾದಂಬರಿಯ ಮೇಲಿದ್ದ ಹಳೆಯ ಒಡೆಯರ ಹೆಸರೇ, ಅದೇ ಹಸಿರು ಶಾಯಿಯಲ್ಲಿ, ಯಾರೋ ಮನೆ ಖಾಲಿ ಮಾಡುತ್ತಿರಬೇಕು, ಅವರೂ ಹೀಗೇ ಮತ್ತೆ ಮತ್ತೆ ಓದಿ ಸಾಕಾಗಿ ಮಾರಿದರೋ ಏನೋ. ಇದಕ್ಕೆ ಇಂಗ್ಲಿಷ್ ಬೇಡ, ಕಣ್ಣಿದ್ದರೆ ಸಾಕು, ತಿಂಗಳಿಂದ ಚೀಲದಲ್ಲಿ ತರುವುದು, ಚೀಲದಲ್ಲೇ ಒಯ್ಯುವುದು, ಇವತ್ತು ಬಿಟ್ಟರೆ ಇಲ್ಲ — ಎದ್ದಳು, ತೆಗೆದಳು, ಪುಟ ಬಿಡಿಸಿ ಮಗ್ಗದ ಮೇಲೆ, ಹೊಸ ಸೀರೆಯ ಮೇಲೆಯೇ ಇಟ್ಟಳು, ನೋಡ.

ಲಾಳಿ ನಿಂತಿತು. ಚಿತ್ರದಲ್ಲಿ ರಾಣಿ, ರಾಣಿಯ ಹಣೆಗೆ ಹಣೆ ಹಚ್ಚಿ ನಿಂತವಳು, ಗಿಡ್ಡ ಕೂದಲು, ಎದೆಗೆ ಕವಚ, ತೋಳ ಮೇಲೆ ಹದ್ದು. ಒದ್ದೆ ನೂಲಿನ ಕೆಂಪು ಹತ್ತಿದ ಬೆರಳನ್ನು ನೀಲಾ ಆ ಮುಖದ ಮೇಲಿಟ್ಟಳು, ಅಯ್ಯ ಇಂವನ ಏನ, ಮೀಸಿ ಬೋಳಿಸ್ಯಾನಲ್ಲ, ಮೂಗ ನೋಡ ಮೂಗ, ಅಚ್ಚ ನಮ್ಮ ಬೆಳವಣಕಿಯವರದ. ನಗುತ್ತಿದ್ದಾಳೆ. ದೇವರೇ, ಚಿತ್ರಕ್ಕೂ ಮೀಸೆ ಅಂಟಿಸಿಬಿಟ್ಟೆನಲ್ಲ, ಕಣ್ಣಿದ್ದರೂ ಕಾಣದ ಹಾಗೆ ಮಾಡಿಬಿಟ್ಟೆನಲ್ಲ. ಅಂವ ಅಲ್ಲ ನೀಲಾ, ಆಕಿ. ಇಬ್ರೂ ಹೆಣ್ಣ. ಮದಲಿಂದನೂ ಹೆಣ್ಣ, ನಾ ಸುಳ್ಳ ಹೇಳೀನಿ. ಯಾರ ಧ್ವನಿ ಇದು, ತನ್ನದೇ, ಹೇಳಿಯೇ ಬಿಟ್ಟಳೇ. ನಗು ಅರ್ಧಕ್ಕೆ ನಿಂತಿತು, ನೀಲಾ ಚಿತ್ರವನ್ನು ನೋಡುತ್ತಾಳೆ, ನಾಹೀದಳನ್ನು ನೋಡುವುದಿಲ್ಲ, ಒಮ್ಮೆ ತಲೆ ಎತ್ತಬಾರದೇ, ಬೈಯಬಾರದೇ, ನೀಲಾ ಕೆಳದನಿಯಲ್ಲಿ, ಎರಡ ವರ್ಷ ಯಾಕ ಹೇಳಲಿಲ್ಲ ನಾಹೀ. ಸಿಟ್ಟೋ, ಅಸಹ್ಯವೋ, ಅಥವಾ — ಹೊರಗಿನಿಂದ ಫಕ್ಕೀರಪ್ಪ, ನಾ ಹೊಂಟೆ ನೋಡವಾ, ನಿಂದು ಹೂಂ ಅಲ್ಲ? ಚಿತ್ರದಿಂದ ಕಣ್ಣೆತ್ತದೆಯೇ ನೀಲಾ, ಹೂಂ ಅಪ್ಪಾ, ಮುಂಜಾನೇನ ಹೇಳೀನಲ್ಲ. ಚಪ್ಪಲಿ ಸದ್ದು, ಬಾಗಿಲು, ಓಣಿ. ಪುಸ್ತಕ ಎತ್ತಿಕೊಳ್ಳಬೇಕು, ಎತ್ತಿಕೊಳ್ಳಲು ಆಗುವುದಿಲ್ಲ, ನೀಲಾ ಬೆರಳು ತೆಗೆದಿಲ್ಲ, ಕೆಂಪು ಬೆರಳು, ಹದ್ದು ಸಾಕುವವಳ ಬಾಯಿಯ ಮೇಲೆ, ಕೆಂಪು ಕಾಗದಕ್ಕೆ ಇಳಿಯುತ್ತಿದೆ, ಬೆರಳು ಬಾಯಿಯ ಮೇಲೆ, ಕೆಂಪು ಬೆರಳು