ತಪ್ಪು ಸೋಪಿನದ್ದಲ್ಲ

ಮಗಳ ಕತ್ತಿನ ಮೇಲೆ ಕೆಂಪು ಗುಳ್ಳೆ ಎದ್ದದ್ದೇ ತಡ, ಲಾಂಡ್ರಿಯವನು ಹೋಗಿ ಸೋಪಿನ ಅಂಗಡಿಯಲ್ಲಿ ಜಗಳಕ್ಕೆ ನಿಂತ.

"ಎಂಥ ಪುಡಿ ಕೊಟ್ಟಿದ್ದೀಯಪ್ಪಾ? ಮಗು ಮೈಯೆಲ್ಲಾ ಸುಟ್ಟ ಹಾಗಾಗಿದೆ!"

"ಊರಿಗೆಲ್ಲಾ ಅದನ್ನೇ ಕೊಡೋದು ಅಣ್ಣ. ಬೇರೆ ಯಾರೂ ಸುಟ್ಕೊಂಡಿಲ್ಲ."

ಬಟ್ಟೆ ಒಗೆದು ಇಸ್ತ್ರಿ ಮಾಡುವ ಮನೆ. ಮೈ ಕೆರೆದರೆ ಅಲ್ಲಿ ಮೊದಲು ಬೈಸಿಕೊಳ್ಳುವುದು ಸೋಪೇ. ಪುಡಿ ಬದಲಾಯಿತು. ಮಗಳ ಬಟ್ಟೆಯನ್ನು ಬರೀ ನೀರಲ್ಲಿ ಮತ್ತೆ ಮತ್ತೆ ಜಾಲಿಸಿದ್ದಾಯಿತು. ಗುಳ್ಳೆ ಮಾತ್ರ ಕತ್ತಿನಿಂದ ಎದೆಗೆ ಇಳಿಯಿತು. ಜೊತೆಗೆ ಜ್ವರ.

"ರೀ, ಹೊಸ ಮಾತ್ರೆ ಶುರುವಾದ ಮೇಲೇ ಅಲ್ವಾ ಇದೆಲ್ಲಾ?" ಅಂದಳು ಹೆಂಡತಿ.

ಅವನು ಇಸ್ತ್ರಿಪೆಟ್ಟಿಗೆ ಕುಕ್ಕಿದ. "ಆ ಮಾತ್ರೆ ಸುದ್ದಿಗೆ ಹೋಗ್ಬೇಡ. ಅದನ್ನ ಕೊಟ್ಟಾಗಿಂದ ಒಂದು ಸಲಾನೂ ಫಿಟ್ಸ್ ಬಂದಿಲ್ಲ. ನೀನೇ ಕಣ್ಣು ಹಾಕು ಇನ್ನು!"

ಮರುದಿನ ತನ್ನ ಬಿಳಿ ಸಮವಸ್ತ್ರ ತೆಗೆದುಕೊಂಡು ಹೋಗಲು ಅವನ ತಂಗಿ ಬಂದಳು. ಆಸ್ಪತ್ರೆಯಲ್ಲಿ ನರ್ಸು.

"ಏನೇ ಪುಟ್ಟಿ, ಅತ್ತೆ ಬಂದ್ರೆ ಏಳೋದೂ ಇಲ್ವಾ? ದೊಡ್ಡ ಮನುಷ್ಯಳಾಗ್ಬಿಟ್ಯಾ?"

ಪುಟ್ಟಿ ತಿರುಗಿದಳು. ಮುಖ ಊದಿತ್ತು. ಅತ್ತೆಯ ನಗು ಅಲ್ಲೇ ನಿಂತಿತು. ಬಾಯಿ ತೆಗೆಸಿ ನೋಡಿದಳು, ಒಳಗೆಲ್ಲಾ ಹುಣ್ಣು. ಕತ್ತು ಮುಟ್ಟಿದಳು, ಗಂಟುಗಳು.

"ಅಣ್ಣಾ, ಇದು ಸೋಪಲ್ಲ. ಮಾತ್ರೆ ಒಗ್ಗಿಲ್ಲ ಅನ್ಸುತ್ತೆ. ಆಟೋ ಕರಿ."

"ಫಿಟ್ಸ್ ನಿಲ್ಲಿಸಿದ ಮಾತ್ರೆ ಕಣೇ ಅದು!"

"ಫಿಟ್ಸ್ ನಿಲ್ಲಿಸುತ್ತೆ, ನಿಜ. ಆದ್ರೆ ನಮ್ಮ ಮೈಯಲ್ಲಿ ರೋಗದ ಜೊತೆ ಹೊಡೆದಾಡೋ ಶಕ್ತಿ ಇದೆಯಲ್ಲ, ಅಪರೂಪಕ್ಕೆ ಕೆಲವರಲ್ಲಿ ಈ ಮಾತ್ರೆಯಿಂದ ಅದು ಕೆರಳಿ ನಮ್ಮ ಮೈಮೇಲೇ ತಿರುಗಿಬೀಳುತ್ತೆ. ಇನ್ನು ಕೆಲವರಲ್ಲಿ ಆ ಶಕ್ತಿಯೇ ಕುಗ್ಗಿ, ಗಂಟಲು ನೋವು, ಜ್ವರ ಹಿಡ್ಕೊಳ್ಳುತ್ತೆ."

ದಿನಾ ಸಂಜೆ ತನ್ನ ಕೈಯಾರೆ, ಮುದ್ದು ಮಾಡಿ ನುಂಗಿಸಿದ ಮಾತ್ರೆ! ಅವನು ಗೂಡಿನಲ್ಲಿದ್ದ ಮಾತ್ರೆಯ ಹಾಳೆಯನ್ನೇ ಎತ್ತಿಕೊಂಡು ಕುದಿಯುವ ನೀರಿನ ಹಂಡೆಗೆ ಎಸೆಯಲು ಹೋದ. ತಂಗಿ ಕೈ ಹಿಡಿದಳು.

"ಅದನ್ನ ಡಾಕ್ಟರಿಗೆ ತೋರಿಸ್ಬೇಕು, ಇಟ್ಕೋ. ಇನ್ನೂ ನುಂಗಿಸಿದ್ರೆ ಈ ಗುಳ್ಳೆ, ಜ್ವರ ಏರಬಹುದು. ನಮ್ಮಷ್ಟಕ್ಕೆ ನಿಲ್ಲಿಸಿಬಿಟ್ರೆ ಫಿಟ್ಸ್ ಮೊದಲಿಗಿಂತ ಜೋರಾಗಿ ಬರಬಹುದು. ಅದಕ್ಕೇ ಈಗ್ಲೇ ಹೋಗೋದು. ಸಂಜೆಗಲ್ಲ."

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ನೋಡಿ ಡಾಕ್ಟರಮ್ಮ ಆ ಮಾತ್ರೆ ನಿಲ್ಲಿಸಿ, ಫಿಟ್ಸಿಗೆ ಬೇರೆ ಜಾತಿಯ ಮಾತ್ರೆ ಬರೆದು, ಮಗುವನ್ನು ಸೇರಿಸಿಕೊಂಡರು. "ಲಿವರಿಗೂ ತಟ್ಟಿದೆ. ಇನ್ನೂ ಸೋಪು ಬದಲಾಯಿಸ್ತಾ ಕೂತಿದ್ರೆ..." ಅಂದರು.

ಪುಟ್ಟಿ ಗುಣವಾಗಿ ಮನೆಗೆ ಬಂದಳು. ಫಿಟ್ಸ್ ಮತ್ತೆ ಬಂದಿಲ್ಲ. ಲಾಂಡ್ರಿಯವನು ಹಳೆಯ ಪುಡಿಯನ್ನೇ ಕೊಳ್ಳಲು ತಲೆ ತಗ್ಗಿಸಿಕೊಂಡು ಹೋದ. ಅಂಗಡಿಯವನು ಜಗಳದ ಮಾತೇ ಎತ್ತಲಿಲ್ಲ.

"ಮಗು ಹೇಗಿದೆ ಅಣ್ಣ?"

"ಉಳ್ಕೊಂಡ್ಲು ಕಣಪ್ಪಾ" ಅಂದು ಅವನು ಪುಡಿಯ ಚೀಲ ಹೆಗಲಿಗೇರಿಸಿದ.

ನಿಮ್ಮ ಮನೆಯಲ್ಲೂ ಯಾರಾದರೂ ಫಿಟ್ಸ್ ಮಾತ್ರೆ ನುಂಗುತ್ತಿದ್ದರೆ ಹೆದರಬೇಡಿ, ಹೆಚ್ಚಿನವರಿಗೆ ಅದು ಒಗ್ಗುತ್ತದೆ. ಆದರೆ ಗುಳ್ಳೆ, ಜ್ವರ, ಬಾಯಿಹುಣ್ಣು, ಗಂಟಲು ನೋವು, ಮುಖದ ಊತ ಕಂಡರೆ, ಅದರಲ್ಲೂ ಹೊಸದಾಗಿ ಶುರುಮಾಡಿದ ವಾರಗಳಲ್ಲಿ, ಸೋಪನ್ನು ಬೈಯುತ್ತಾ ಕೂರಬೇಡಿ. ಮಾತ್ರೆಯ ಹಾಳೆ ಕೈಯಲ್ಲಿ ಹಿಡಿದು ಅವತ್ತೇ ಆಸ್ಪತ್ರೆಗೆ ಹೊರಡಿ. ನಿಲ್ಲಿಸಬೇಕೋ ಬೇಡವೋ ಡಾಕ್ಟರು ಹೇಳಲಿ. ಮಗುವನ್ನು ಎತ್ತಿಕೊಂಡು ಓಡುವುದಷ್ಟೇ ನಿಮ್ಮ ಕೆಲಸ.