ಕೋಟು ಒಣಗಿಸಿದ ದೀಪ

ದರ್ಜಿಯ ಅತ್ತೆಗೆ ಬಾಯಿ ಜೋರು. ಅಳಿಯ ಹೊಲಿದ ತೋಳಿನಲ್ಲಿ ಸುಕ್ಕು ಹುಡುಕದೆ, ಮಗಳ ಅಡುಗೆಗೆ ಉಪ್ಪು ಸಾಲದು ಅನ್ನದೆ ಅವಳಿಗೆ ಹೊತ್ತು ಹೋಗುತ್ತಿರಲಿಲ್ಲ. ಕೋಳಿಮರಿ ಸಾಕುವ ವಿಷಯದಲ್ಲಂತೂ ಅವಳಿಗೆ ಯಾರೂ ಎದುರಾಡುವಂತಿರಲಿಲ್ಲ. ಹೊಲಿಗೆ ಕೋಣೆಯ ಹಿಂದೆ ರಟ್ಟಿನ ಪೆಟ್ಟಿಗೆ, ಅದರ ಮೇಲೆ ಸರಪಳಿಗೆ ನೇತುಹಾಕಿದ ಕೆಂಪು ಶಾಖದ ದೀಪ. ಅಳಿಯ ಥರ್ಮಾಮೀಟರ್ ತಂದುಕೊಟ್ಟರೆ ಮೂಲೆಗೆಸೆದಿದ್ದಳು.

"ಮರಿಗಳೇ ಹೇಳ್ತವೆ ಬಿಡಿ. ದೀಪದಡಿ ಒಂದರ ಮೇಲೊಂದು ಬಿದ್ದಿದ್ರೆ ಚಳಿ, ಇಳಿಸಬೇಕು. ಅಂಚಿಗೆ ಹೋಗಿ ಬಾಯಿ ಕಳೆದಿದ್ರೆ ಸೆಕೆ, ಏರಿಸಬೇಕು."

ಆ ಮೋಡದ ದಿನ ಮರಿಗಳು ಅಂಚಿಗೆ ಸರಿದಿದ್ದನ್ನು ನೋಡಿ ಅವಳು ದೀಪವನ್ನು ಒಂದು ಕೊಂಡಿ ಮೇಲೇರಿಸಿ ಪೇಟೆಗೆ ಹೋದಳು. ಇತ್ತ ದರ್ಜಿ ಸಂಜೆಯೊಳಗೆ ಕೊಡಬೇಕಿದ್ದ ಬಿಳಿ ಕೋಟಿನ ಮೇಲೆ ಚಹಾ ಚೆಲ್ಲಿದ. ತೊಳೆದದ್ದಕ್ಕೆ ಕಲೆಯೇನೋ ಹೋಯಿತು, ಕೋಟು ಒದ್ದೆಯಾಯಿತು. ಒದ್ದೆಯ ಮೇಲೆ ಇಸ್ತ್ರಿ ಎಳೆದರೆ ಕಾಲರು ಮುದುರುತ್ತದೆ. ಅವನ ಕಣ್ಣು ದೀಪದ ಮೇಲೆ ಬಿತ್ತು. ಒಂದು ಗಳಿಗೆ ತಾನೆ ಎಂದು ಬಿಚ್ಚಿ ತಂದು ಕೋಟಿನ ಎದುರು ಕಟ್ಟಿದ. ಕೋಟು ಒಣಗುವ ಹೊತ್ತಿಗೆ ಸರಿಯಾಗಿ ಅದರ ಯಜಮಾನ ಬಂದ. ಹಾಕಿಕೊಂಡ, ಕನ್ನಡಿ ಮುಂದೆ ತಿರುಗಿದ, ಊರ ಸುದ್ದಿಯೆಲ್ಲ ಹೇಳಿದ. ದರ್ಜಿಗೆ ಮರಿಗಳ ನೆನಪಾದದ್ದು ಅವನು ಹೊರಟ ಮೇಲೆ.

ಓಡಿ ಹೋಗಿ ನೋಡಿದರೆ ಮರಿಗಳೆಲ್ಲ ಮೂಲೆಯಲ್ಲಿ ಗುಡ್ಡೆಬಿದ್ದಿದ್ದವು. ದೀಪವನ್ನು ಅದೇ ಕೊಂಡಿಗೆ ಸಿಕ್ಕಿಸಿದ. ಮೇಲಿದ್ದವು ಮೆಲ್ಲಗೆ ಚೇತರಿಸಿಕೊಂಡವು. ಅಡಿಯಲ್ಲಿ ಸಿಕ್ಕಿದವು ಏಳಲಿಲ್ಲ.

ಅತ್ತೆ ಬಂದವಳು ಚೀಲವನ್ನೂ ಇಳಿಸದೆ ನಿಂತಳು. "ದೀಪ ಏರಿಸಿದ್ದು ನಾನೇ ಅಲ್ವಾ," ಅಂದಳು. "ನನ್ನ ಕೈಯೇ ಕೆಟ್ಟುಹೋಯ್ತು."

ದರ್ಜಿ ಊಟವಾದ ಮೇಲೆ ಹೇಳೋಣ ಅಂದುಕೊಂಡ, ಬೆಳಗಾಗಲಿ ಅಂದುಕೊಂಡ. ಬೆಳಗಾದ ಮೇಲೆ ನಿನ್ನೆಯೇ ಯಾಕೆ ಹೇಳಲಿಲ್ಲ ಅನ್ನುವುದಕ್ಕೂ ಜವಾಬು ಕೊಡಬೇಕಾಗುತ್ತಿತ್ತು.

ಮನೆ ತಣ್ಣಗಾಯಿತು. ಈ ಮುದುಕಿ ಒಂದು ದಿನವಾದರೂ ಬಾಯಿ ಮುಚ್ಚಬಾರದೇ ಎಂದು ಹಲುಬುತ್ತಿದ್ದವನಿಗೆ ಈಗ ಆ ಬೈಗುಳವೇ ಬೇಕೆನಿಸುತ್ತಿತ್ತು. "ಉಪ್ಪು ನೀನೇ ನೋಡಮ್ಮ, ನನ್ನ ನಾಲಿಗೆ ನಂಬಬೇಡ" ಎಂದು ಅವಳು ಮಗಳಿಗೆ ಹೇಳುವಾಗ ಅವನಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸುತ್ತಿತ್ತು. ಅತ್ತೆ ದೀಪದ ಸರಪಳಿಗೆ ಕೈ ಹಾಕುವಳು, ಹಾಗೇ ಹಿಂದಕ್ಕೆಳೆದುಕೊಳ್ಳುವಳು.

ಕೊನೆಗೆ ಪಕ್ಕದ ಬೇಕರಿಯವಳನ್ನು ಕರೆಸಿ, "ಉಳಿದವನ್ನಾದ್ರೂ ನೀನು ಬದುಕಿಸು ತಾಯಿ" ಎಂದು ಪೆಟ್ಟಿಗೆ ಎತ್ತಿ ಕೊಟ್ಟಳು. ಬೇಕರಿಯವಳು ಹೊಸ್ತಿಲು ದಾಟುವಷ್ಟರಲ್ಲಿ ದರ್ಜಿ ಹೊಲಿಗೆ ಬಿಟ್ಟು ಎದ್ದ.

"ದೀಪ ತೆಗೆದಿದ್ದು ನಾನು. ಕೋಟು ಒಣಗಿಸೋಕೆ. ನೀವು ಹಾಕಿದ ಕೊಂಡಿ ಸರಿಯಾಗೇ ಇತ್ತು."

ಬೈಗುಳದ ಮಳೆಗೆ ತಲೆ ಬಗ್ಗಿಸಿ ನಿಂತ. ಮಳೆ ಬರಲಿಲ್ಲ. ಅತ್ತೆ ಪೆಟ್ಟಿಗೆ ಹಿಂದಕ್ಕೆ ತೆಗೆದುಕೊಂಡು ದೀಪದಡಿ ಇಟ್ಟಳು. ಮರಿಗಳನ್ನು ಸ್ವಲ್ಪ ಹೊತ್ತು ನೋಡಿ, ಯಾರನ್ನೂ ಕೇಳದೆ ದೀಪವನ್ನು ಒಂದು ಕೊಂಡಿ ಏರಿಸಿದಳು. ಆಮೇಲೆ ಅಳಿಯನ ಕಡೆ ತಿರುಗಿದಳು.

"ಮರಿ ಸತ್ತಿದ್ದು ಮರೆವಿನಿಂದ, ಆಗ್ಲಿ. ನಾನು ಇಷ್ಟು ದಿನ ನನ್ನ ಕೈಗೆ ಶಾಪ ಹಾಕ್ತಿದ್ದಾಗ ನೀವು ಎದುರಿಗೇ ಕೂತು ಗುಂಡಿ ಹೊಲೀತಿದ್ರಲ್ಲ, ಅದು ಯಾವ ಮರೆವು?"