ಮಾತು ಬಿಟ್ಟ ಎರಡು ವರ್ಷ

"ಏಳನೇ ಕ್ಲಾಸು ಮುಗಿಸದ ಪಂಕ್ಚರ್ ಅಂಗಡಿಯವನಿಂದ ನಾವು ದೇವರ ವಿಷಯ ಕಲೀಬೇಕಂತೆ, ಕೇಳಿದ್ರಾ?"

ಭಾನುವಾರದ ಆರಾಧನೆ ಆಗಷ್ಟೇ ಮುಗಿದಿತ್ತು. ಚರ್ಚಿನ ಪಕ್ಕದ ಹಾಲ್‌ನಲ್ಲಿ ಎಲ್ಲರ ಕೈಯಲ್ಲೂ ಟೀ ಲೋಟ. ಹಾಗಂದವರು ಮೇಷ್ಟ್ರು. ನಮ್ಮ ಸಭೆಯ ತಿಂಗಳ ಪತ್ರಿಕೆಯಲ್ಲಿ ಏನು ಬರಬೇಕು, ಏನು ಬರಬಾರದು ಅನ್ನೋದೆಲ್ಲ ಅವರ ಕೈಯಲ್ಲಿ. ಆವತ್ತು ಅದೇ ಕೈಯಲ್ಲಿ ನಾನು ಬರೆದುಕೊಟ್ಟ ಹಾಳೆಯೂ ಇತ್ತು. ನಾಲ್ಕು ಜನ ಕಿಸಕ್ಕೆಂದರು. ಮೂಲೆಯ ಬೆಂಚಿನಲ್ಲಿ ಕೂತಿದ್ದ ಅಮ್ಮ ನಗಲಿಲ್ಲ.

ಹೌದು, ಏಳನೇ ಕ್ಲಾಸು ಮುಗಿಸಿಲ್ಲ. ಯಾಕೆ ಅಂತ ಆ ಹಾಲ್‌ನಲ್ಲಿದ್ದ ಎಲ್ಲರಿಗೂ ಗೊತ್ತು. ಅಪ್ಪ ಲಾರಿ ಟೈರಿಗೆ ಗಾಳಿ ತುಂಬುತ್ತಿದ್ದಾಗ ಚಕ್ರದ ಕಬ್ಬಿಣದ ರಿಂಗು ಕಳಚಿ ಹಾರಿ ಎದೆಗೆ ಬಡಿಯಿತು. ಆಸ್ಪತ್ರೆ ಮುಟ್ಟಲಿಲ್ಲ. ಮಣ್ಣು ಮಾಡಿ ಬಂದ ದಿನ ಇದೇ ಮೇಷ್ಟ್ರು ನನ್ನ ತಲೆ ಸವರಿ, "ದೇವರ ಚಿತ್ತ ಕಣಪ್ಪ" ಅಂದರು. ಮುಂದಿನ ಸೋಮವಾರ ಸ್ಕೂಲ್ ಬ್ಯಾಗಿನಿಂದ ಪುಸ್ತಕ ಸುರಿದು, ಪಾನಾ, ಸುತ್ತಿಗೆ ತುಂಬಿಕೊಂಡು ಅಂಗಡಿಗೆ ಹೋದೆ. ಇದು ದೇವರ ಚಿತ್ತ ಅನ್ನೋದಾದರೆ ಅವನಿಗೂ ನನಗೂ ಇವತ್ತಿಗೆ ಮುಗಿಯಿತು ಅಂದುಕೊಂಡೆ.

ಆದರೆ ಅಮ್ಮನಿಗೆ ಓದು ಬರಲ್ಲ. ಮೊದಲು ಅಪ್ಪ ಬೈಬಲ್ ಓದಿ ಹೇಳುತ್ತಿದ್ದ, ಈಗ ಆ ಕೆಲಸ ನನ್ನ ತಲೆಗೆ ಬಂತು. ಒಂದು ಟೈರಿಗೂ ಇನ್ನೊಂದು ಟೈರಿಗೂ ನಡುವೆ, ಹಲ್ಲು ಕಚ್ಚಿಕೊಂಡು, ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದೆ. ಪುಟಗಳ ಅಂಚಿಗೆಲ್ಲ ನನ್ನ ಹೆಬ್ಬೆರಳಿನ ಗ್ರೀಸು. ಅವಳೇನು ಸುಮ್ಮನೆ ಕೇಳಿಸಿಕೊಳ್ಳುವವಳಲ್ಲ.

"ನಿಲ್ಲಿಸು. ಈ ಯೋಬ ಮಕ್ಕಳು ಮರಿ ಎಲ್ಲ ಕಳಕೊಂಡು ದೇವರ ಹತ್ರ ಇಷ್ಟೆಲ್ಲ ಜಗಳ ಆಡಿದನಲ್ಲ, ಎದ್ದು ಹೋಗು ಅಂದನಾ ದೇವರು?"

"ಇಲ್ಲಮ್ಮ."

"ಮತ್ತೆ ನೀನ್ಯಾಕೆ ಎರಡು ವರ್ಷದಿಂದ ಮುಖ ಊದಿಸಿಕೊಂಡು ಕೂತಿದೀಯ? ನೀನೂ ಆಡು."

ಆಡಿದೆ. ಟೈರಿಗೆ ಸುತ್ತಿಗೆ ಬಡಿಯುತ್ತಾ ಬಾಯಿಗೆ ಬಂದ ಹಾಗೆ ಬೈದೆ. ನನ್ನ ಪ್ರಾರ್ಥನೆ ಶುರುವಾಗಿದ್ದು ಅಲ್ಲಿಂದ.

ಅವಳಿಗೆ ಈ ಪತ್ರಿಕೆಯನ್ನೂ ಓದಿ ಹೇಳುತ್ತಿದ್ದೆ. ಅದರಲ್ಲಿ ಎಲ್ಲರ ನಂಬಿಕೆಗೂ ಇಸ್ತ್ರಿ ಹಾಕಿರುತ್ತದೆ. ಕಷ್ಟ ಬರುತ್ತೆ, ಪ್ರಾರ್ಥನೆ ಮಾಡ್ತಾರೆ, ಪುಟ ತಿರುವುವುದರೊಳಗೆ ಕಷ್ಟ ಗಂಟುಮೂಟೆ ಕಟ್ಟುತ್ತೆ. ಒಂದು ಸಂಜೆ ಅಮ್ಮ, "ಬಿಡು ಮಗ, ಇದು ನಮ್ಮಂಥವರಿಗೆ ಬರೆದದ್ದಲ್ಲ" ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ನಮಗಲ್ಲ ಅಂದರೆ ಇನ್ಯಾರಿಗೆ? ಆವತ್ತೇ ಬರೆಯಲು ಕೂತೆ. ಬರೆದದ್ದನ್ನು ಅವಳಿಗೆ ಹೇಳಲಿಲ್ಲ. ಅಚ್ಚಾದ ಮೇಲೆ ಪತ್ರಿಕೆಯಿಂದಲೇ ಓದಿ ಹೇಳಬೇಕು, ನೋಡಮ್ಮ, ಇದು ನಿನಗೇ ಅನ್ನಬೇಕು ಅಂತ ಆಸೆ.

ಹಾಲ್‌ನಲ್ಲಿ ಮೇಷ್ಟ್ರು ಕನ್ನಡಕ ಏರಿಸಿದರು. "ಶುರು ಹೇಗಿದೆ ಕೇಳಿ. 'ದೇವರ ಜೊತೆ ನಾನು ಎರಡು ವರ್ಷ ಮಾತು ಬಿಟ್ಟಿದ್ದೆ.' ದೇವರೇನು ಇವನ ಷಡ್ಡಕನಾ?"

ಈಗ ಜೋರಾಗಿಯೇ ನಕ್ಕರು.

"ಆ ಸಾಲು ಹೊಡೆದುಹಾಕು, ಉಳಿದದ್ದು ಹಾಕೋಣ ಅಂದ್ರೆ ಮಹಾರಾಯ ಒಪ್ಪಲ್ಲ. ಪೂರ್ತಿ ಓದ್ತೀನಿ, ನೀವೇ ಹೇಳಿ."

ಅಲ್ಲೇ ಅವರು ಎಡವಿದ್ದು. ಮೂವತ್ತು ವರ್ಷದಿಂದ ಆರಾಧನೆಯಲ್ಲಿ ಬೈಬಲ್ ವಾಕ್ಯ ಓದುವವರು ಅವರೇ. ನಿಂತುಕೊಂಡು ಹಾಳೆಯನ್ನು ಎರಡೂ ಕೈಯಲ್ಲಿ ಎದೆಮಟ್ಟಕ್ಕೆ ಹಿಡಿದರೆ ಆ ಗಂಟಲಿಗೆ ಗೊತ್ತಿರುವುದು ಒಂದೇ ದನಿ. ಮೊದಲ ಸಾಲನ್ನು ಮೂಗಿನಲ್ಲಿ ಎಳೆದು ಅಣಕಿಸಿದರು. ಮುಂದಕ್ಕೆ ಆ ದನಿ ಬಂದೇಬಿಟ್ಟಿತು.

"'ಟ್ಯೂಬು ಎಲ್ಲಿ ತೂತಾಗಿದೆ ಅಂತ ಬರಿಗಣ್ಣಿಗೆ ಕಾಣುವುದಿಲ್ಲ. ಗಾಳಿ ತುಂಬಿ ನೀರಿನಲ್ಲಿ ಅದುಮಬೇಕು. ಆಗ ಗುಳ್ಳೆ ಏಳುತ್ತದೆ. ನಾನು ದೇವರನ್ನು ಬೈದದ್ದೆಲ್ಲ ಹಾಗೆ ಎದ್ದ ಗುಳ್ಳೆ. ಅವನು ಸಿಟ್ಟಾಗಲಿಲ್ಲ. ತೂತು ಎಲ್ಲಿದೆ ಅಂತ ನೋಡಿಕೊಂಡ. ಮಾತು ಬಿಟ್ಟವನು ನಾನು, ಅವನು ನನ್ನನ್ನು ಬಿಡಲಿಲ್ಲ. ಅಪ್ಪ ಯಾಕೆ ಸತ್ತ ಅಂತ ಇವತ್ತಿಗೂ ಹೇಳಿಲ್ಲ. ದಿನಾ ಕೇಳುತ್ತೇನೆ. ಕೇಳಿಸಿಕೊಳ್ಳುತ್ತಾನೆ. ನನ್ನ ನಂಬಿಕೆ ಇಷ್ಟೇ, ತೇಪೆ ಹಾಕಿದ್ದು. ಗಾಳಿ ನಿಲ್ಲುತ್ತದೆ.'"

ಮೇಷ್ಟ್ರು ಹಾಳೆ ಇಳಿಸಿದರು. ವಾಕ್ಯ ಓದಿ ಮುಗಿಸಿದಾಗ ಮಾಡುವ ಹಾಗೆಯೇ ಒಂದು ಗಳಿಗೆ ತಲೆ ಬಾಗಿಸಿದರು. ಅಭ್ಯಾಸ. ಅವರು ಹಾಗೆ ತಲೆ ಬಾಗಿಸಿದೊಡನೆ ಉತ್ತರ ಕೊಡುವುದು ಹಾಲ್‌ನಲ್ಲಿದ್ದವರಿಗೂ ಅಭ್ಯಾಸ. ಟೀ ಲೋಟ ಹಿಡಿದುಕೊಂಡೇ ಎಲ್ಲರೂ ಒಂದೇ ಉಸಿರಿನಲ್ಲಿ ಅಂದರು:

"ದೇವರಿಗೆ ಸ್ತೋತ್ರ."

ಏನಂದೆವು ಅಂತ ಆಮೇಲೆ ಹೊಳೆಯಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟೀ ಹಂಚುತ್ತಿದ್ದ ಅಜ್ಜಿ ಮಾತ್ರ, "ಇನ್ನೊಂದ್ಸಲ ಓದಿ ಮೇಷ್ಟ್ರೇ, ಕೊನೇದು ಸರಿಯಾಗಿ ಕೇಳಿಸ್ಲಿಲ್ಲ" ಅಂದಳು.

"ನನಗೆ ಪೂರ್ತಿ ಕೇಳಿಸ್ತು," ಅಂದಳು ಅಮ್ಮ ಬೆಂಚಿನಿಂದ. "ಪೂರ್ತಿ ತಿಳೀತು."

ಮೇಷ್ಟ್ರ ಕಿವಿ ಕೆಂಪಾಗಿತ್ತು. ನನ್ನ ಕಡೆ ತಿರುಗಿದರು. "ಆ ಸಾಲು ತೆಗೀತೀಯೋ ಇಲ್ವೋ, ಅಷ್ಟು ಹೇಳು!"

ನಾಲಿಗೆ ತುದಿಯಲ್ಲಿ ಹತ್ತು ಉತ್ತರ ಇದ್ದವು, ಅಪ್ಪನನ್ನು ಮಣ್ಣು ಮಾಡಿದ ದಿನದಿಂದ ಮಸೆದಿಟ್ಟವು. ಒಂದೂ ಬೇಕಾಗಲಿಲ್ಲ. ಹಾಳೆಯನ್ನು ಅವರ ಕೈಯಲ್ಲೇ ಬಿಟ್ಟೆ. ಬಾಗಿಲ ಬಳಿಯ ರಾಶಿಯಲ್ಲಿ ಅಮ್ಮನ ಚಪ್ಪಲಿ ಹುಡುಕಿ ಅವಳ ಕಾಲ ಮುಂದೆ ಇಟ್ಟೆ. ಅವಳು ನನ್ನ ಭುಜ ಹಿಡಿದು ಮೆಟ್ಟಿಕೊಂಡಳು.

"ಲೋ, ನಿನ್ನನ್ನೇ ಕೇಳಿದ್ದು!"

ನಾವು ಆಗಲೇ ಮೆಟ್ಟಿಲು ಇಳಿಯುತ್ತಿದ್ದೆವು.